ಮೊಬೈಲು ಹಾಳಾಗಿಲ್ಲ ಮಾರಾಯ್ರೇ!

"ಮಾಸ್ಟ್ರೇ, ಮೊಬೈಲು ಹಾಳಾಗಿದೆ."

ಶಾಲೆ ಬಿಡುವ ಹೊತ್ತಿಗೆ ವರಾಂಡದಲ್ಲಿ ನಿಂತು ಹೀಗೆ ಹೇಳುವವರು ವಾರಕ್ಕೆ ಇಬ್ಬರಾದರೂ ಇದ್ದಾರೆ. ನಾವು ಮೊಬೈಲು ರಿಪೇರಿ ಕಲಿತವರಲ್ಲ. ನಮ್ಮದು ಕಾಸರಗೋಡಿನ ಒಳಭಾಗದ ಒಂದು ಸರಕಾರಿ ಕನ್ನಡ ಶಾಲೆ, ನಾವು ಅಲ್ಲಿ ಪಾಠ ಮಾಡುವವರು. ಆದರೆ ಊರಿನವರ ಲೆಕ್ಕದಲ್ಲಿ ಶಾಲೆಯಲ್ಲಿ ಕಂಪ್ಯೂಟರು ಉಂಟು, ಹಾಗಾಗಿ ಮಾಸ್ಟ್ರುಗಳಿಗೆ ಮೊಬೈಲೂ ಗೊತ್ತಿರಲೇಬೇಕು. ಮೊದಲೆಲ್ಲ ಪತ್ರ ಓದಿಸಲಿಕ್ಕೆ, ಮನಿಯಾರ್ಡರು ಫಾರಂ ತುಂಬಿಸಲಿಕ್ಕೆ ಮಾಸ್ಟ್ರ ಹತ್ತಿರ ಬರುತ್ತಿದ್ದರು ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಈಗ ಇದು.

ಹೀಗೆ ಬಂದ ಮೊಬೈಲುಗಳನ್ನು ನಾಲ್ಕೈದು ವರ್ಷದಿಂದ ನೋಡಿದ ಮೇಲೆ ನಮಗೆ ಒಂದು ಮಾತು ಹೇಳಬೇಕು ಅನಿಸಿದೆ. ಅವುಗಳಲ್ಲಿ ನಿಜವಾಗಿ ಹಾಳಾದವು ಬಹಳ ಕಡಿಮೆ. ಹೆಚ್ಚಿನವುಗಳಲ್ಲಿ ಯಾವುದೋ ಒಂದು ಸೆಟ್ಟಿಂಗು ಆಚೀಚೆ ಆಗಿರುತ್ತದೆ, ಅಷ್ಟೇ. ಆ ಸೆಟ್ಟಿಂಗು ಇರುವ ಜಾಗದಲ್ಲಿ ಬರೆದದ್ದನ್ನು ಓದಲಿಕ್ಕೆ ಮೊಬೈಲಿನ ಯಜಮಾನನಿಗೆ ಬರುವುದಿಲ್ಲ. ಯಾಕೆಂದರೆ ಅದು ಇಂಗ್ಲಿಷಿನಲ್ಲಿ ಉಂಟು. ಕನ್ನಡ ಚೆನ್ನಾಗಿ ಓದುವ, ಪೇಪರು ಮೊದಲ ಪುಟದಿಂದ ಕಡೇ ಪುಟದವರೆಗೆ ಓದುವ ಮನುಷ್ಯ ತನ್ನ ಸ್ವಂತ ಮೊಬೈಲಿನ ಎದುರು ಅನಕ್ಷರಸ್ಥನಾಗಿ ಕೂತಿರುತ್ತಾನೆ.

ನಾವೇ ತಪ್ಪು ಮಾಡಿದ ಒಂದು ಸಂಗತಿಯನ್ನು ಮೊದಲು ಹೇಳಿಬಿಡುತ್ತೇವೆ.

ಒಬ್ಬರು ತಾಯಿ. ಮನೆಯಲ್ಲಿ ಬೀಡಿ ಕಟ್ಟುತ್ತಾರೆ, ಗಂಡ ಗಲ್ಫಿನಲ್ಲಿ. ಮಗಳು ನಮ್ಮಲ್ಲಿ ಏಳನೇ ಕ್ಲಾಸು. ಒಂದು ಸ್ಕಾಲರ್‌ಶಿಪ್ಪಿನ ಅರ್ಜಿಗೆ ಬೇಕಾದ ಕಾಗದಗಳನ್ನು ತರಬೇಕೆಂದು ನಾವು ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಮೂರು ಸಲ ಹಾಕಿದ್ದೆವು. ಎಲ್ಲರೂ ತಂದರು, ಇವರು ತರಲಿಲ್ಲ. ತಾರೀಕು ದಾಟಿತು. ಮುಂದಿನ ಪಿ.ಟಿ.ಎ. ಸಭೆಯಲ್ಲಿ ನಾಲ್ಕು ಜನರ ಎದುರು ನಾವು, "ಗ್ರೂಪಿಗೆ ಹಾಕಿದ್ದೆವಲ್ಲ ಅಕ್ಕ, ನೀವು ನೋಡುವುದೇ ಇಲ್ಲವಾ?" ಅಂತ ಕೇಳಿದೆವು. "ಮೆಸೇಜು ಬರುದೇ ಇಲ್ಲ ಮಾಸ್ಟ್ರೇ" ಅಂದರು. ನಾವು ನಂಬಲಿಲ್ಲ. ಎಲ್ಲರಿಗೆ ಬರುವುದು ಇವರಿಗೆ ಮಾತ್ರ ಯಾಕೆ ಬರುವುದಿಲ್ಲ?

ಅವರು ಮಾರನೇ ದಿನ ಪೇಟೆಗೆ ಹೋಗಿ ಅಂಗಡಿಯವನಿಗೆ ಮೊಬೈಲು ಕೊಟ್ಟರು. ಅವನು "ಸಾಫ್ಟ್‌ವೇರ್ ಹೋಗಿದೆ" ಅಂತ ಹೇಳಿ, ಪೂರ್ತಿ ಅಳಿಸಿ, ಹೊಸದರ ಹಾಗೆ ಮಾಡಿ ಕೊಟ್ಟ. ಫ್ಯಾಕ್ಟರಿ ರೀಸೆಟ್ ಅಂತಾರಲ್ಲ, ಅದು. ಹಣವೂ ತೆಗೆದುಕೊಂಡ. ಮೆಸೇಜು ಬರಲಿಕ್ಕೆ ಶುರುವಾಯಿತು. ಆದರೆ ಬ್ಯಾಕಪ್ ಎಂಬ ಒಂದು ಉಂಟು ಅಂತ ಆ ಮೊಬೈಲಿನಲ್ಲಿ ಯಾರೂ ಯಾವತ್ತೂ ಮಾಡಿಟ್ಟಿರಲಿಲ್ಲ. ಗಂಡ ರಾತ್ರಿ ರೂಮಿಗೆ ಬಂದು ಕಳಿಸುತ್ತಿದ್ದ ವಾಯ್ಸ್ ಮೆಸೇಜುಗಳು, ಮೂರು ವರ್ಷದ್ದು, ಒಂದೂ ಉಳಿಯಲಿಲ್ಲ.

ಒಂದು ತಿಂಗಳು ಕಳೆಯುವಷ್ಟರಲ್ಲಿ ಪುನಃ ಮೆಸೇಜು ಬರುವುದು ನಿಂತಿತು! ಈ ಸಲ ಅವರು ಪೇಟೆಗೆ ಹೋಗದೆ ನಮ್ಮ ಹತ್ತಿರ ಬಂದರು. ನಾವು ನೋಡಿದೆವು. ಏನೂ ಆಗಿರಲಿಲ್ಲ. ಕ್ಲಾಸಿನ ಗ್ರೂಪು ಆರ್ಕೈವ್ ಎಂಬ ಕಪಾಟಿನೊಳಗೆ ಹೋಗಿ ಕೂತಿತ್ತು. ಗ್ರೂಪಿನ ಹೆಸರನ್ನು ಒತ್ತಿ ಹಿಡಿದು ಮೇಲೆ ಕಾಣುವ ಬಾಣದ ಗುರುತನ್ನು ಮುಟ್ಟಿದರೆ ಅದು ಅಲ್ಲಿಗೆ ಹೋಗುತ್ತದೆ. ಮನೆಯಲ್ಲಿ ಮೂರು ವರ್ಷದ ಚಿಕ್ಕ ಮಗು ಒಂದು ಉಂಟು, ಮೊಬೈಲು ಸಿಕ್ಕಿದರೆ ಎಲ್ಲವನ್ನೂ ಒತ್ತಿ ಹಿಡಿಯುವುದೇ ಅದರ ಕೆಲಸ. ಮೊದಲಾದರೆ ಆರ್ಕೈವ್ ಆದ ಗ್ರೂಪು ಹೊಸ ಮೆಸೇಜು ಬಂದ ಕೂಡಲೇ ತಾನಾಗಿ ಹೊರಗೆ ಬರುತ್ತಿತ್ತು. 2021ರಲ್ಲಿ ವಾಟ್ಸಾಪಿನವರು ಅದನ್ನು ಬದಲಿಸಿದರು. ಈಗ ಮೆಸೇಜು ಬಂದರೂ ಅಲ್ಲೇ ಸುಮ್ಮನೆ ಕೂತಿರುತ್ತದೆ, ಸದ್ದೂ ಮಾಡುವುದಿಲ್ಲ. ಮೊದಲ ಸಲವೂ ಆದದ್ದು ಇದೇ ಅನ್ನುವುದರಲ್ಲಿ ನಮಗೆ ಸಂಶಯ ಉಳಿಯಲಿಲ್ಲ. ಅರ್ಧ ನಿಮಿಷದ ಕೆಲಸ. ಅದಕ್ಕೆ ಒಂದು ಸ್ಕಾಲರ್‌ಶಿಪ್ಪು ಹೋಯಿತು, ಮೂರು ವರ್ಷದ ಧ್ವನಿ ಹೋಯಿತು, ನಮ್ಮ ಬಾಯಿಂದ ಬರಬಾರದ ಮಾತೂ ಬಂತು.

ಅವತ್ತಿನಿಂದ ನಾವು ಒಂದು ಕ್ರಮ ಇಟ್ಟುಕೊಂಡಿದ್ದೇವೆ. ಮೊಬೈಲು ಹಾಳಾಗಿದೆ ಅಂತ ಯಾರು ಬಂದರೂ ಅದನ್ನು ನಮ್ಮ ಕೈಗೆ ತೆಗೆದುಕೊಳ್ಳುವುದಿಲ್ಲ. ಅವರ ಕೈಯಲ್ಲೇ ಇರಲಿ. "ಎಂತ ಬರೆದಿದೆ, ಓದಿ ಹೇಳಿ" ಅನ್ನುತ್ತೇವೆ. ಓದಲಿಕ್ಕೆ ಬರುವುದಿಲ್ಲವಾದರೆ ಮೊದಲ ರಿಪೇರಿ ಭಾಷೆಯದ್ದು.

ಇಲ್ಲಿ ಗಡಿಯವರ ಕೆಲವು ತೊಂದರೆಗಳನ್ನು ಹೇಳಬೇಕು. ಇವು ಬೆಂಗಳೂರಿನವರಿಗೆ ಇಲ್ಲ, ತಿರುವನಂತಪುರದವರಿಗೂ ಇಲ್ಲ.

ಒಂದು, ಇಂಟರ್ನೆಟ್ಟು ಹೋಗುವುದು. ತಲಪಾಡಿಯ ಹತ್ತಿರ, ಸಾರಡ್ಕದ ಹತ್ತಿರ, ಅಡ್ಯನಡ್ಕದ ಕಡೆ ಇರುವವರಿಗೆ ಗೊತ್ತು. ಮನೆ ಕೇರಳದಲ್ಲಿ, ಟವರು ಕರ್ನಾಟಕದ್ದು. ಅಂಗಳದಲ್ಲಿ ನಿಂತರೆ ಒಂದು ರಾಜ್ಯ, ಅಡುಗೆ ಕೋಣೆಗೆ ಹೋದರೆ ಇನ್ನೊಂದು ರಾಜ್ಯ! ಕೇರಳದ ಸಿಮ್ಮು ಕರ್ನಾಟಕದ ಟವರನ್ನು ಹಿಡಿದ ಕೂಡಲೇ ಕೆಲವು ಮೊಬೈಲುಗಳು ಅದನ್ನು ರೋಮಿಂಗ್ ಅಂತ ಲೆಕ್ಕ ಹಾಕುತ್ತವೆ. ಸೆಟ್ಟಿಂಗ್ಸಿನಲ್ಲಿ ಡೇಟಾ ರೋಮಿಂಗ್ ಎಂಬುದು ಆಫ್ ಆಗಿದ್ದರೆ ಮಾತಾಡಲಿಕ್ಕೆ ಬರುತ್ತದೆ, ಇಂಟರ್ನೆಟ್ಟು ಮಾತ್ರ ಬರುವುದಿಲ್ಲ. ಜನ ರೀಚಾರ್ಜು ಮುಗಿಯಿತು ಅಂತ ಪುನಃ ಹಣ ಹಾಕುತ್ತಾರೆ. ಬೇಕಾದದ್ದು ಆ ಒಂದು ಗುಂಡಿ ಆನ್ ಮಾಡುವುದು. ದೇಶದೊಳಗೆ ಈಗಿನ ಮಾಮೂಲು ಪ್ಯಾಕುಗಳಿಗೆ ಇದರಿಂದ ಬೇರೆ ಹಣ ಹೋಗುವುದಿಲ್ಲ. ಆದರೆ ಇದೇ ಮೊಬೈಲನ್ನು ಹಿಡಿದುಕೊಂಡು ಗಲ್ಫಿಗೆ ವಿಮಾನ ಹತ್ತುವವರು ಅದನ್ನು ಆಫ್ ಮಾಡಿಯೇ ಹತ್ತಬೇಕು, ಇಲ್ಲದಿದ್ದರೆ ಅಲ್ಲಿ ಇಳಿದ ಮೇಲೆ ಬಿಲ್ಲು ನೋಡಿ ಬೊಬ್ಬೆ ಹಾಕಬೇಕಾದೀತು. ನಮ್ಮ ಊರಿನಲ್ಲಿ ಎರಡೂ ಬಗೆಯವರು ಒಂದೇ ಮನೆಯಲ್ಲಿ ಇದ್ದಾರೆ. ಆನ್ ಮಾಡಿ ಅಂತಲೋ ಆಫ್ ಮಾಡಿ ಅಂತಲೋ ಒಂದೇ ಮಾತು ಹೇಳಿ ಕಳಿಸಿದರೆ ಸಾಲುವುದಿಲ್ಲ, ಅದು ಎಂತಕ್ಕೆ ಇರುವುದು ಅಂತ ಅವರಿಗೆ ತಿಳಿಯಬೇಕು.

ಇನ್ನೊಂದು, ಎರಡು ಸಿಮ್ಮಿನ ಉಪದ್ರ. ಇಲ್ಲಿ ತುಂಬ ಜನರ ಹತ್ತಿರ ಒಂದು ಕಾಸರಗೋಡಿನ ನಂಬ್ರ, ಒಂದು ಮಂಗಳೂರಿನ ನಂಬ್ರ ಇರುತ್ತದೆ. ಆಸ್ಪತ್ರೆ, ಮದುವೆ, ಅಡಿಕೆ ವ್ಯಾಪಾರ ಎಲ್ಲ ಆ ಕಡೆ. ರೇಶನ್ ಕಾರ್ಡು, ಪೆನ್ಶನ್ನು, ಬ್ಯಾಂಕು ಈ ಕಡೆ. ಯು.ಪಿ.ಐ. ಆ್ಯಪ್ ಹಾಕಿದರೆ "ಆಗುವುದಿಲ್ಲ, ಆಗುವುದಿಲ್ಲ" ಅಂತ ಬರುತ್ತದೆ. ಯಾಕೆ? ಯು.ಪಿ.ಐ. ಆ್ಯಪ್ ಮೊದಲ ಸಲ ತೆರೆಯುವಾಗ ನಮ್ಮ ಮೊಬೈಲಿನಿಂದ ತಾನೇ ಒಂದು ಎಸ್ಸೆಮ್ಮೆಸ್ಸು ಕಳಿಸಿ, ಇದು ಬ್ಯಾಂಕಿನಲ್ಲಿ ಕೊಟ್ಟ ನಂಬ್ರ ಹೌದಾ ಅಂತ ನೋಡಿಕೊಳ್ಳುತ್ತದೆ. ಬ್ಯಾಂಕಿಗೆ ಕೊಟ್ಟದ್ದು ಕಾಸರಗೋಡಿನ ನಂಬ್ರ, ಎಸ್ಸೆಮ್ಮೆಸ್ಸು ಹೋಗುವುದು ಮಂಗಳೂರಿನ ಸಿಮ್ಮಿನಿಂದ. ಅಥವಾ ಸಿಮ್ಮು ಸರಿ ಇದ್ದರೂ ಆ ಪ್ಯಾಕಿನಲ್ಲಿ ಎಸ್ಸೆಮ್ಮೆಸ್ಸು ಕಳಿಸಲಿಕ್ಕೆ ಇಲ್ಲ. ಎರಡರಲ್ಲಿ ಒಂದು. ಇದಕ್ಕೆ ಆ್ಯಪ್ಪನ್ನು ಹತ್ತು ಸಲ ತೆಗೆದು ಹಾಕುವುದರಿಂದ ಏನೂ ಪ್ರಯೋಜನವಿಲ್ಲ. ಸಿಮ್ಮು ಆರಿಸುವ ಪುಟ ಬಂದಾಗ ನಿಂತು ಓದಬೇಕು. ಆದರೆ ಆ ಪುಟವನ್ನು ಓದಲಿಕ್ಕೆ ಬಾರದವರು ಎಂತ ಮಾಡುತ್ತಾರೆ? ಪಕ್ಕದಲ್ಲಿ ನಿಂತ ಹುಡುಗನ ಕೈಗೆ ಕೊಡುತ್ತಾರೆ. ಹುಡುಗ ಎಲ್ಲ ಮಾಡಿಕೊಡುತ್ತಾನೆ, ಪಿನ್ ನಂಬ್ರವನ್ನೂ ಅವನೇ ಹಾಕುತ್ತಾನೆ. ನಾವು ಕೇಳಿದ್ದೇವೆ, "ನಿಮ್ಮ ಪಿನ್ ಯಾರಿಗೆಲ್ಲ ಗೊತ್ತುಂಟು?" ಅಂತ. ಒಬ್ಬ ಅಜ್ಜ ಬೆರಳು ಮಡಚಿ ಲೆಕ್ಕ ಹಾಕಿದರು. ನಾಲ್ಕು ಜನ!

ಆ ನಾಲ್ಕು ಜನರೂ ಒಳ್ಳೆಯವರೇ ಇರಬಹುದು. ನಮ್ಮ ಆಕ್ಷೇಪ ಅವರ ಮೇಲೆ ಅಲ್ಲ.

ಮತ್ತೆ ಇರುವುದು ಎಲ್ಲ ಕಡೆಯ ಮಾಮೂಲು ತೊಂದರೆಗಳು. ತಾರೀಕು ತಪ್ಪಿದ್ದು. ಆಟದಲ್ಲಿ ಹೊಸ ಜೀವ ಸಿಗಲಿ ಅಂತ ಮಕ್ಕಳು ಮೊಬೈಲಿನ ತಾರೀಕನ್ನು ಮುಂದೆ ಹಾಕುತ್ತಾರೆ, ವಾಪಸು ಹಾಕಲಿಕ್ಕೆ ಮರೆಯುತ್ತಾರೆ. ಸಂಜೆ ಅಪ್ಪನಿಗೆ ವಾಟ್ಸಾಪೂ ತೆರೆಯುವುದಿಲ್ಲ, ಬ್ಯಾಂಕಿನದ್ದೂ ತೆರೆಯುವುದಿಲ್ಲ. ತಾರೀಕು ಮತ್ತು ಸಮಯವನ್ನು ಸ್ವಯಂಚಾಲಿತ ಅನ್ನುವುದಕ್ಕೆ ಇಟ್ಟರೆ ಮುಗಿಯಿತು. ಜಾಗ ತುಂಬಿದ್ದು ಇನ್ನೊಂದು. ಬೆಳಗ್ಗೆ ಬರುವ ಶುಭೋದಯದ ಚಿತ್ರಗಳೇ ಅರ್ಧ ಮೊಬೈಲನ್ನು ತಿಂದಿರುತ್ತವೆ; ತಾನಾಗಿ ಡೌನ್‌ಲೋಡ್ ಆಗುವುದನ್ನು ವಾಟ್ಸಾಪಿನ ಒಳಗಿನ ಸೆಟ್ಟಿಂಗ್ಸಿನಲ್ಲಿ ನಿಲ್ಲಿಸಬಹುದು. ವರ್ಷಕ್ಕೆ ಒಂದು ಸಲ ಬಳಸುವ ಆ್ಯಪ್ ಕೆಮರಾ ತೆರೆಯುವುದಿಲ್ಲ ಅನ್ನುವುದು ಮತ್ತೊಂದು. 2020ರಲ್ಲಿ ಬಂದ ಆಂಡ್ರಾಯ್ಡ್ 11ರಿಂದ ಈಚೆಗೆ, ತಿಂಗಳುಗಟ್ಟಲೆ ಮುಟ್ಟದ ಆ್ಯಪ್‌ಗಳಿಗೆ ಕೊಟ್ಟ ಅನುಮತಿಯನ್ನು ಮೊಬೈಲು ತಾನೇ ವಾಪಸು ತೆಗೆದುಕೊಳ್ಳುತ್ತದೆ. ಅದು ಒಳ್ಳೆಯದೇ. ಪುನಃ ಕೊಟ್ಟರೆ ಆಯಿತು.

ಅಂದ ಹಾಗೆ, ಮಾಸ್ಟ್ರುಗಳದ್ದೇ ಒಂದು ತೊಂದರೆ. ನುಡಿ, ಬರಹದ ಹಳೇ ಅಕ್ಷರದಲ್ಲಿ ಟೈಪು ಮಾಡಿದ ಪ್ರಶ್ನೆಪತ್ರಿಕೆಯನ್ನು ಗೆಳೆಯರು ಕಳಿಸುತ್ತಾರೆ, ಮೊಬೈಲಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ! ಮೊಬೈಲಿನ ದೋಷ ಅಲ್ಲ. ಯೂನಿಕೋಡಿಗೆ ಬದಲಿಸಿ ಕಳಿಸಿ, ಅಥವಾ ಪಿ.ಡಿ.ಎಫ್. ಮಾಡಿ ಕಳಿಸಿ ಅಂತ ಎಷ್ಟು ಸಲ ಹೇಳುವುದು?

ಕೆಲವು ಸಲ ತಪ್ಪು ನಿಜವಾಗಿ ನಮ್ಮದಲ್ಲ, ಎಲ್ಲಿಯದ್ದೋ. 2021ರ ಮಾರ್ಚ್ 23ರ ನೆನಪು ಉಂಟಾ? ಅವತ್ತು ಬೆಳಗ್ಗೆ ಎದ್ದವರ ಆಂಡ್ರಾಯ್ಡ್ ಮೊಬೈಲುಗಳಲ್ಲಿ ಜೀಮೇಲು, ಬ್ಯಾಂಕಿನ ಆ್ಯಪ್ಪು ಎಲ್ಲ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತಿದ್ದವು. ಇಡೀ ಪ್ರಪಂಚದಲ್ಲಿ ಹಾಗೇ ಆಗಿತ್ತು. ಆಂಡ್ರಾಯ್ಡ್ ಸಿಸ್ಟಂ ವೆಬ್‌ವ್ಯೂ ಎಂಬ ಒಂದು ಭಾಗ ಉಂಟು. ಬೇರೆ ಆ್ಯಪ್‌ಗಳು ತಮ್ಮೊಳಗೆ ವೆಬ್ ಪುಟ ತೋರಿಸಬೇಕಾದರೆ ಅದನ್ನೇ ಬಳಸುತ್ತವೆ. ಅದರಲ್ಲಿ ದೋಷ ಹೊಕ್ಕಿತ್ತು. ಗೂಗಲಿನವರು ಅದನ್ನು ಸರಿಮಾಡಿದ ಹೊಸ ಅಪ್‌ಡೇಟು ಬಿಟ್ಟರು, ಪ್ಲೇಸ್ಟೋರಿಗೆ ಹೋಗಿ ಅದನ್ನು ಹಾಕಿಕೊಂಡವರಿಗೆ ಸರಿಯಾಯಿತು. ಸುಮ್ಮನೆ ಒಂದು ದಿನ ಕಾದಿದ್ದರೂ ನಷ್ಟ ಇರಲಿಲ್ಲ. ಆದರೆ ಆ ಒಂದು ದಿನದಲ್ಲಿ ರೀಸೆಟ್ ಮಾಡಿಸಿಕೊಂಡು ಬಂದವರು ನಮ್ಮ ಸುತ್ತಮುತ್ತಲೇ ಇದ್ದರು.

ಅಂಗಡಿಯವರನ್ನು ಪೂರ್ತಿ ಬೈಯುವ ಹಾಗೂ ಇಲ್ಲ ಅನ್ನಿ. ಒಬ್ಬ ಹುಡುಗ, ಎದುರು ಹತ್ತು ಜನ, ಪ್ರತಿಯೊಬ್ಬರ ಮೊಬೈಲಿನಲ್ಲೂ ಒಂದೊಂದು ಹುಡುಕುತ್ತಾ ಕೂತರೆ ಅವನ ಹೊಟ್ಟೆ ತುಂಬುತ್ತದಾ? ಪೂರ್ತಿ ಅಳಿಸಿದರೆ ಎಲ್ಲ ರೋಗಕ್ಕೂ ಒಂದೇ ಮದ್ದು. ಆದರೆ ಅಳಿಸುವ ಮೊದಲು ಮಾಡಬಹುದಾದ ಮೆಟ್ಟಿಲುಗಳು ಎಷ್ಟೋ ಉಂಟು. ಮೊದಲು ಮೊಬೈಲನ್ನು ಒಮ್ಮೆ ಆಫ್ ಮಾಡಿ ಆನ್ ಮಾಡುವುದು. ನಗಬೇಡಿ, ಅರ್ಧ ತೊಂದರೆ ಅಲ್ಲೇ ಹೋಗುತ್ತದೆ. ಆಮೇಲೆ ತೊಂದರೆ ಕೊಡುವ ಆ್ಯಪ್ಪನ್ನು ಬಲವಂತವಾಗಿ ನಿಲ್ಲಿಸಿ ಪುನಃ ತೆರೆಯುವುದು, ಅಪ್‌ಡೇಟು ಉಂಟಾ ಅಂತ ನೋಡುವುದು. ಆಮೇಲೆ ಕ್ಯಾಷ್ ಅಳಿಸುವುದು. ಇಲ್ಲಿ ಮಾತ್ರ ಎಚ್ಚರ ಬೇಕು. ಸೆಟ್ಟಿಂಗ್ಸಿನಲ್ಲಿ ಒಂದೇ ಪುಟದಲ್ಲಿ ಅಕ್ಕಪಕ್ಕ ಎರಡು ಗುಂಡಿ ಇರುತ್ತವೆ: ಒಂದು ಕ್ಯಾಷ್ ಅಳಿಸುವುದು, ಇನ್ನೊಂದು ಸಂಗ್ರಹಣೆಯನ್ನೋ ಡೇಟಾವನ್ನೋ ಅಳಿಸುವುದು. ಮೊದಲನೆಯದು ಅಡುಗೆ ಕೋಣೆಯ ಕಸ ಗುಡಿಸಿದ ಹಾಗೆ. ಎರಡನೆಯದು ಪಾತ್ರೆ, ಅಕ್ಕಿ, ಸೌದೆ ಎಲ್ಲ ಹೊರಗೆ ಬಿಸಾಡಿದ ಹಾಗೆ. ವಾಟ್ಸಾಪಿನಲ್ಲಿ ಬ್ಯಾಕಪ್ ಇಲ್ಲದೆ ಎರಡನೆಯದನ್ನು ಒತ್ತಿದರೆ ಆ ತಾಯಿಗೆ ಆದದ್ದೇ ಆಗುತ್ತದೆ. ಈ ಎರಡು ಗುಂಡಿಗಳ ನಡುವಿನ ವ್ಯತ್ಯಾಸ ಬರೇ ಒಂದೆರಡು ಶಬ್ದದ್ದು. ಓದಲಿಕ್ಕೆ ಬಾರದವನಿಗೆ ಎರಡೂ ಒಂದೇ.

ಹಾಗಾದರೆ ಮೊಬೈಲನ್ನು ಕನ್ನಡಕ್ಕೆ ಹಾಕಿ ಅನ್ನುತ್ತೇವೆ ನಾವು. ಇದರಲ್ಲಿ ಹೊಸ ವಿಷಯ ಏನೂ ಇಲ್ಲ. 2014ರಲ್ಲಿ ಬಂದ ಆಂಡ್ರಾಯ್ಡ್ 5ರಿಂದಲೇ ಮೊಬೈಲಿನ ಇಡೀ ಮೆನು ಕನ್ನಡದಲ್ಲಿ ಸಿಗುತ್ತದೆ, ಮಲಯಾಳವೂ ಆಗಲೇ ಬಂತು. 2016ರ ಆಂಡ್ರಾಯ್ಡ್ 7ರಿಂದ ಎರಡು ಮೂರು ಭಾಷೆಗಳನ್ನು ಒಂದರ ಕೆಳಗೆ ಒಂದು ಇಡಬಹುದು. ಮೊದಲನೆಯದು ಇಲ್ಲದ ಆ್ಯಪ್‌ಗೆ ಎರಡನೆಯದು. ನಮ್ಮಂಥವರಿಗೆ ಇದು ತುಂಬ ಉಪಕಾರ: ಮೇಲೆ ಕನ್ನಡ, ಕೆಳಗೆ ಮಲಯಾಳ, ಕಡೆಗೆ ಇಂಗ್ಲಿಷ್. 2022ರ ಆಂಡ್ರಾಯ್ಡ್ 13ರಿಂದ ಒಂದೊಂದು ಆ್ಯಪ್‌ಗೆ ಬೇರೆ ಬೇರೆ ಭಾಷೆಯನ್ನೂ ಇಡಬಹುದು, ಆ ಆ್ಯಪ್ಪಿನವರು ಅದಕ್ಕೆ ಅವಕಾಶ ಕೊಟ್ಟಿದ್ದರೆ. ಜಾಗ ಎಲ್ಲಿ ಅಂದರೆ, ಸೆಟ್ಟಿಂಗ್ಸ್, ಅದರಲ್ಲಿ ಸಿಸ್ಟಂ, ಅದರಲ್ಲಿ ಭಾಷೆಗಳು. ಕೆಲವು ಕಂಪೆನಿಗಳು ಸಿಸ್ಟಂ ಬದಲು ಬೇರೆ ಹೆಸರಿಟ್ಟು ಒಳಗೆ ಅಡಗಿಸಿಟ್ಟಿರುತ್ತವೆ, ಆಗ ಸೆಟ್ಟಿಂಗ್ಸಿನ ಮೇಲೆ ಇರುವ ಹುಡುಕುವ ಜಾಗದಲ್ಲಿ ಲ್ಯಾಂಗ್ವೇಜ್ ಅಂತ ಇಂಗ್ಲಿಷಿನಲ್ಲಿ ಬರೆದರೆ ಸಿಗುತ್ತದೆ. ಆ ಪಟ್ಟಿಯಲ್ಲಿ ಕನ್ನಡ ಎಂಬ ಹೆಸರು ಕನ್ನಡದಲ್ಲೇ ಬರೆದಿರುತ್ತದೆ. ಅದನ್ನು ಕಂಡಾಗ ನಮ್ಮ ಅಜ್ಜಿಯಂದಿರ ಮುಖ ನೋಡಬೇಕು ನೀವು!

ಇಲ್ಲಿ ವಿರೋಧ ಬರುತ್ತದೆ. ಬಂದಿದೆ. ಅಂಗಡಿಯವರು ಹೇಳುತ್ತಾರೆ, "ಕನ್ನಡ ಹಾಕಿದ್ರೆ ನಮಗೇ ಗೊತ್ತಾಗುದಿಲ್ಲ ಮಾಸ್ಟ್ರೇ, ನಾವು ರಿಪೇರಿ ಮಾಡುದು ಹೇಗೆ?" ನಮ್ಮದೇ ಸಹೋದ್ಯೋಗಿಯೊಬ್ಬರ ವಾದ ಇನ್ನೂ ಗಟ್ಟಿಯದ್ದು: ಯೂಟ್ಯೂಬಿನಲ್ಲಿ ಸಹಾಯದ ವಿಡಿಯೋ ನೋಡಿದರೆ ಎಲ್ಲ ಇಂಗ್ಲಿಷ್ ಮೆನು ತೋರಿಸುತ್ತಾರೆ, ಕಸ್ಟಮರ್ ಕೇರಿನವರು ಇಂಗ್ಲಿಷ್ ಶಬ್ದ ಹೇಳುತ್ತಾರೆ, ಕನ್ನಡದ ಮೆನು ಇಟ್ಟುಕೊಂಡವನು ಎರಡು ಕಡೆಯೂ ಸಲ್ಲದೆ ಹೋಗುತ್ತಾನೆ. ಮತ್ತೆ ಆ ಕನ್ನಡವಾದರೂ ಎಂಥದ್ದು? "ಅಧಿಸೂಚನೆ" ಅಂತೆ! ಅಧಿಸೂಚನೆ ಅಂದರೆ ನಮಗೆ ಗೊತ್ತಿರುವುದು ಸರಕಾರದ ಗಜೆಟ್ಟಿನಲ್ಲಿ ಬರುವಂಥದ್ದು. ಮೊಬೈಲು ಟಿಣ್ ಅಂದದ್ದಕ್ಕೆ ಅಧಿಸೂಚನೆ ಅಂದರೆ ಯಾರಿಗೆ ತಿಳಿಯುತ್ತದೆ? ಬಲವಂತವಾಗಿ ನಿಲ್ಲಿಸಿ ಅನ್ನುವುದನ್ನು ಓದಿ ಒಬ್ಬರು ಹೆದರಿ ಮೊಬೈಲನ್ನೇ ಕೆಳಗಿಟ್ಟಿದ್ದರು. ಒಂದು ಮೊಬೈಲಿನಲ್ಲಿ ಇದ್ದ ಮಾತು ಇನ್ನೊಂದರಲ್ಲಿ ಇಲ್ಲ, ಅಪ್‌ಡೇಟು ಆದ ಮೇಲೆ ಮೊದಲಿದ್ದ ಮಾತೂ ಇಲ್ಲ.

ಇದೆಲ್ಲ ನಿಜ. ನಾವು ಒಪ್ಪುತ್ತೇವೆ. ಮೆನುವಿನ ಕನ್ನಡ ನಮ್ಮ ಮಾತಿನ ಕನ್ನಡ ಅಲ್ಲ, ಕಾಸರಗೋಡಿನದ್ದಂತೂ ಅಲ್ಲವೇ ಅಲ್ಲ. ಕೆಲವು ಕಡೆ ಅದು ಕನ್ನಡ ಲಿಪಿಯಲ್ಲಿ ಬರೆದ ಇಂಗ್ಲಿಷು ಮಾತ್ರ. ಆದರೂ ನಾವು ಹಾಕಿ ಅನ್ನುತ್ತೇವೆ. ಯಾಕೆಂದರೆ ಅರ್ಥ ಆಗದಿದ್ದರೂ ಓದಲಿಕ್ಕೆ ಆಗುತ್ತದೆ. ಓದಿದರೆ ಕೇಳಲಿಕ್ಕೆ ಆಗುತ್ತದೆ. ಆರ್ಕೈವ್ ಅಂತ ಕನ್ನಡ ಅಕ್ಷರದಲ್ಲಿ ಇದ್ದರೆ ಆ ತಾಯಿ ನಮಗೆ ಫೋನು ಮಾಡಿ, "ಆರ್ಕೈವ್ ಅಂತ ಉಂಟಲ್ಲ ಮಾಸ್ಟ್ರೇ, ಅದೆಂತ?" ಅಂತ ಕೇಳುತ್ತಿದ್ದರು. ನಾವು ಮನೆಯಲ್ಲೇ ಕೂತು ಹೇಳುತ್ತಿದ್ದೆವು. ಹೆಸರು ಹೇಳಲಿಕ್ಕೆ ಬಂದ ತೊಂದರೆಯನ್ನು ಫೋನಿನಲ್ಲಿ ಸರಿಮಾಡಬಹುದು. ಹೆಸರು ಹೇಳಲಿಕ್ಕೆ ಬಾರದ ತೊಂದರೆಗೆ ಮೊಬೈಲನ್ನೇ ಹಿಡಿದುಕೊಂಡು ಹೋಗಿ ಇನ್ನೊಬ್ಬನ ಕೈಗೆ ಕೊಡಬೇಕು. ಮೊಬೈಲು ಈಗ ಬರೇ ಮಾತಾಡುವ ಡಬ್ಬ ಅಲ್ಲವಲ್ಲ. ಅದರಲ್ಲಿ ಬ್ಯಾಂಕು ಉಂಟು, ಆಧಾರಿನ ಓ.ಟಿ.ಪಿ. ಬರುತ್ತದೆ, ಮನೆಯವರ ಫೋಟೋ ಉಂಟು. ಅದನ್ನು ತೆರೆದು ಕೊಡುವುದು ಅಂದರೆ ಮನೆಯ ಬೀಗದ ಕೈ ಕೊಟ್ಟ ಹಾಗೆ.

ಓದಲಿಕ್ಕೆ ಬಾರದ್ದರಿಂದ ಬರುವ ದೊಡ್ಡ ಅಪಾಯವೂ ಇಲ್ಲೇ ಇರುವುದು. ವಾಟ್ಸಾಪಿನಲ್ಲಿ ಮದುವೆ ಕಾಗದ ಅಂತಲೋ, ವಾಹನಕ್ಕೆ ದಂಡ ಬಿದ್ದಿದೆ ಅಂತಲೋ ಒಂದು ಫೈಲು ಬರುತ್ತದೆ. ಹೆಸರಿನ ಕಡೆಯಲ್ಲಿ ಎ.ಪಿ.ಕೆ. ಅಂತ ಇರುತ್ತದೆ. ಅದು ಕಾಗದ ಅಲ್ಲ, ಒಂದು ಆ್ಯಪ್ಪು. ಮುಟ್ಟಿದರೆ ಮೊಬೈಲು ತಡೆದು ಕೇಳುತ್ತದೆ, ಗೊತ್ತಿಲ್ಲದ ಕಡೆಯಿಂದ ಬಂದ ಆ್ಯಪ್ ಹಾಕಬೇಕಾ ಅಂತ. ಎಸ್ಸೆಮ್ಮೆಸ್ಸು ಓದಲಿಕ್ಕೆ ಬಿಡಬೇಕಾ ಅಂತಲೂ ಕೇಳುತ್ತದೆ. ಕಂಪೆನಿಯವರು ಇಟ್ಟ ಬಾಗಿಲು ಅದು. ಆದರೆ ಆ ಪ್ರಶ್ನೆ ಇಂಗ್ಲಿಷಿನಲ್ಲಿ ಬಂದರೆ ನಮ್ಮವರು ಮಾಡುವುದು ಒಂದೇ, ಬಣ್ಣ ಇರುವ ಗುಂಡಿಯನ್ನು ಒತ್ತುವುದು. ಎಲ್ಲದಕ್ಕೂ ಅದನ್ನೇ ಒತ್ತಿ ಅಭ್ಯಾಸ ಆಗಿದೆ. ಆಮೇಲೆ ಓ.ಟಿ.ಪಿ. ಕಳ್ಳರಿಗೆ ಹೋಗುತ್ತದೆ, ಹಣ ಹೋಗುತ್ತದೆ. ಹೋದರೆ ತಡಮಾಡದೆ 1930ಕ್ಕೆ ಫೋನು ಮಾಡಬೇಕು, ಇದನ್ನು ನಾವು ಶಾಲೆಯ ಗೋಡೆಯಲ್ಲಿ ಬರೆಸಿದ್ದೇವೆ.

ಇನ್ನು ಸರಕಾರದ ವಿಷಯ. ಕೇರಳದಲ್ಲಿ ಕಂಪ್ಯೂಟರು ಶಿಕ್ಷಣಕ್ಕೆ ಆದ ಕೆಲಸವನ್ನು ನಾವು ಕಡಿಮೆ ಮಾಡಿ ಹೇಳುವವರಲ್ಲ. ಐಟಿ@ಸ್ಕೂಲ್ ಶುರುವಾದದ್ದು 2001ರಲ್ಲಿ, ಅದೇ 2017ರಲ್ಲಿ ಕೈಟ್ ಆಯಿತು. 2020ರ ಜೂನ್ 1ರಂದು ಫಸ್ಟ್ ಬೆಲ್ ಪಾಠ ಶುರುವಾದಾಗ ಸಾಲ ಮಾಡಿ ಮಕ್ಕಳಿಗೆ ಮೊಬೈಲು ತಂದ ಮನೆಗಳು ನಮ್ಮಲ್ಲಿ ಎಷ್ಟೋ. ನಾವೀಗ ರಿಪೇರಿ ಮಾಡುವ ಮೊಬೈಲುಗಳಲ್ಲಿ ಕೆಲವು ಆಗಿನವೇ. 2025ರ ಆಗಸ್ಟ್ 21ರಂದು ಕೇರಳವು ಸಂಪೂರ್ಣ ಡಿಜಿಟಲ್ ಸಾಕ್ಷರ ರಾಜ್ಯ ಅಂತ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಘೋಷಿಸಿದರು. ಮನೆಮನೆಗೆ ಹೋಗಿ ಪಟ್ಟಿ ಮಾಡಿ, ಪ್ರಾಯದವರಿಗೆ ಸ್ಮಾರ್ಟ್‌ಫೋನು ಬಳಸಲಿಕ್ಕೆ ಕಲಿಸಿದ್ದು ಸಣ್ಣ ಕೆಲಸ ಅಲ್ಲ. ನೂರು ದಾಟಿದವರೂ ಕಲಿತರು.

ನಮ್ಮ ಪ್ರಶ್ನೆ ಒಂದೇ. ಸಾಕ್ಷರ ಅಂದರೆ ಅಕ್ಷರ ಬಲ್ಲವನು ಅಂತ ಅರ್ಥ. ಯಾವ ಅಕ್ಷರ? ವಿಡಿಯೋ ಕರೆ ಮಾಡಲಿಕ್ಕೆ ಹಸಿರು ಗುಂಡಿ ಒತ್ತಿದರೆ ಸಾಕು, ಅಕ್ಷರ ಬೇಡ. ಕರೆ ಬಾರದಿದ್ದಾಗ, ಆ್ಯಪ್ಪು ಮುಚ್ಚಿಕೊಂಡಾಗ, ಅನುಮತಿ ಕೇಳಿದಾಗ ಅಕ್ಷರ ಬೇಕು. ಚಂದ್ರಗಿರಿ ಹೊಳೆಯ ಉತ್ತರಕ್ಕೆ ಕನ್ನಡ ಮಾತ್ರ ಓದಬಲ್ಲ ಪ್ರಾಯದವರು ಇನ್ನೂ ತುಂಬ ಇದ್ದಾರೆ. ತುಳು ಮಾತಾಡಿ, ಕೊಂಕಣಿ ಮಾತಾಡಿ, ಮರಾಟಿ ಮಾತಾಡಿ, ಓದುವುದು ಕನ್ನಡ. ಇವರಿಗೆ ಕಲಿಸುವಾಗ ಮೊದಲ ಪಾಠ ಮೊಬೈಲಿನ ಭಾಷೆ ಬದಲಿಸುವುದು ಆಗಬೇಕು. ಕುಟುಂಬಶ್ರೀಯ ಸಭೆಯಲ್ಲಿ, ಅಕ್ಷಯ ಕೇಂದ್ರದಲ್ಲಿ ಕನ್ನಡದಲ್ಲಿ ಒಂದು ಹಾಳೆ ಇರಬೇಕು, ಇಂಥ ತೊಂದರೆಗೆ ಇಲ್ಲಿ ನೋಡಿ ಅಂತ. ದೊಡ್ಡ ಖರ್ಚಿನದ್ದೇನೂ ಅಲ್ಲ.

ನಾವೂ ಇದರಿಂದ ಹೊರಗಿಲ್ಲ ಅನ್ನುವುದನ್ನು ಹೇಳಿಬಿಡಬೇಕು. ಇಲಾಖೆಯ ಸುತ್ತೋಲೆ ಮಲಯಾಳದಲ್ಲಿ ಬರುತ್ತದೆ. ನಮ್ಮಲ್ಲಿ ಕೆಲವರು ಅದನ್ನು ಓದುವುದು ಗೂಗಲ್ ಲೆನ್ಸ್ ಹಿಡಿದು, ಕನ್ನಡ ಮಾಡಿಸಿಕೊಂಡು. ಅದು ಒಮ್ಮೊಮ್ಮೆ ಕೊಡುವ ಅನುವಾದ ನೋಡಿದರೆ ನಗಬೇಕಾ ಅಳಬೇಕಾ ಗೊತ್ತಾಗುವುದಿಲ್ಲ. ಓದಲಿಕ್ಕೆ ಬಾರದ ಪುಟದ ಎದುರು ಕೂರುವ ಬಂಙ ನಮಗೂ ಗೊತ್ತು. ಹಾಗಿದ್ದೂ ಆ ತಾಯಿಗೆ ಅವತ್ತು ಹಾಗೆ ಕೇಳಿದೆವಲ್ಲ ಅನ್ನುವುದೇ ನಮಗೆ ಬೇಸರ.

ಈಗ ಶನಿವಾರ ಮಧ್ಯಾಹ್ನದ ಮೇಲೆ ಒಂದು ಗಂಟೆ ಶಾಲೆಯಲ್ಲಿ ಕೂರುತ್ತೇವೆ. ಆರನೇ ಏಳನೇ ಕ್ಲಾಸಿನ ಮಕ್ಕಳು ಒಂದು ಪುಸ್ತಕ ಮಾಡಿದ್ದಾರೆ. ಎಡಗಡೆ ಮೊಬೈಲಿನಲ್ಲಿ ಇರುವ ಕನ್ನಡ, ನಡುವೆ ಅದಕ್ಕೆ ಇಂಗ್ಲಿಷಿನಲ್ಲಿ ಎಂತ ಅನ್ನುವುದು ಅಂತ ಕನ್ನಡ ಅಕ್ಷರದಲ್ಲಿ, ಬಲಗಡೆ ನಮ್ಮ ಮಾತಿನಲ್ಲಿ ಅರ್ಥ. ಸಹೋದ್ಯೋಗಿಯ ಆಕ್ಷೇಪಕ್ಕೆ ಇದೇ ನಮ್ಮ ಉತ್ತರ. ಕಸ್ಟಮರ್ ಕೇರಿನವರ ಶಬ್ದವೂ ಅದರಲ್ಲಿ ಉಂಟು. ಅಧಿಸೂಚನೆಯ ಎದುರು ಒಂದು ಹುಡುಗಿ "ಟಿಣ್ ಅನ್ನುವುದು" ಅಂತ ಬರೆದಿದ್ದಾಳೆ. ನಾವು ತಿದ್ದಲಿಲ್ಲ. ಅವಳು ಆ ತಾಯಿಯ ಮಗಳು.

ಮೊನ್ನೆ ಭಾನುವಾರ ಆ ತಾಯಿಯದ್ದೇ ಫೋನು. ಸ್ಪೀಕರಿಗೆ ಹಾಕಿಕೊಂಡು ಪರದೆಯಲ್ಲಿ ಇದ್ದದ್ದನ್ನು ನಿಧಾನಕ್ಕೆ ಓದಿದರು: "ಸಂಗ್ರಹಣೆ ಖಾಲಿ ಆಗ್ತಾ ಬಂತು ಅಂತ ಬರ್ತಾ ಉಂಟು ಮಾಸ್ಟ್ರೇ. ಸಂಗ್ರಹಣೆ ಅಂದ್ರೆ ಜಾಗ ಅಲ್ವಾ, ಪುಸ್ತಕದಲ್ಲಿ ನೋಡಿದೆ. ಎಂತ ಅಳಿಸುದು?"

ಬೆಳಗ್ಗೆ ಬಂದ ಶುಭೋದಯದ್ದನ್ನೆಲ್ಲ ಮೊದಲು ಅಳಿಸಿ ಅಂದೆವು.

"ಅದರಲ್ಲಿ ನಿಮ್ಮದೇ ತುಂಬ ಉಂಟು ಮಾಸ್ಟ್ರೇ" ಅಂದರು.